ಯಾರೂ ಇಲ್ಲದಾಗ

ಪಕ್ಕದ ಮನೆಯಿಂದ ಕಜ್ಜಾಯ ಬಂತು. ಸುತ್ತಿಕೊಟ್ಟ ಹಾಳೆ ಯಾವುದೋ ವಾರಪತ್ರಿಕೆಯದು. ಎಣ್ಣೆ ಹೀರಿದ ಸಾಲುಗಳ ನಡುವೆ ಚೀನಾದ ಹಳೆಯ ಗುರುಗಳ ವಿಚಾರ: ಸಜ್ಜನನಾದವನು ಒಬ್ಬನೇ ಇರುವಾಗಲೇ ತನ್ನನ್ನು ಹೆಚ್ಚು ಕಾದುಕೊಳ್ಳಬೇಕಂತೆ. ಒಳ್ಳೆಯ ಮಾತೇ. ಆದರೆ ಓದುತ್ತಿದ್ದಂತೆ ನನಗೆ ಮೈಯೆಲ್ಲ ಉರಿದುಹೋಯಿತು. ನಗಬೇಡಿ, ಈ ವಯಸ್ಸಿನಲ್ಲಿ ಕಜ್ಜಾಯ ಕಂಡು ಸಿಟ್ಟಾಗುವವಳು ನಾನೊಬ್ಬಳೇ ಇರಬೇಕು.

ಇದನ್ನೇ ನಮ್ಮ ದೊಡ್ಡಪ್ಪ ನಮ್ಮೂರು ಕೊತ್ತತ್ತಿಯ ಅರಳಿಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು, ಚೀನಾದವರ ಹಂಗಿಲ್ಲದೆ. "ಯಾರೂ ಇಲ್ದಾಗ್ಲೂ ಮನುಸ ನೆಟ್ಗಿರ್ಬೇಕು ಕಣ್ರಪ್ಪಾ." ಶನಿವಾರ ಅವರದು ಒಪ್ಪತ್ತು. ಅದು ಊರಿಗೆಲ್ಲ ಗೊತ್ತಿರುವಂತೆ ಅವರೇ ನೋಡಿಕೊಳ್ಳುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿದ್ದ ಅವರ ತಂಗಿ, ತಾಯಮ್ಮತ್ತೆ, ಯಾರಿಗೂ ಏನೂ ಹೇಳುತ್ತಿರಲಿಲ್ಲ. ಎಲ್ಲರ ಊಟವಾದ ಮೇಲೆ, ಬರಿದಾದ ಅಡಿಗೆಮನೆಯಲ್ಲಿ ನೆಲ ಒರೆಸಿ, ತಲೆ ಬಾಚಿ ಗಂಟು ಹಾಕಿ, ತನಗೆ ತಾನೇ ಎಲೆ ಹಾಕಿಕೊಂಡು ಮುದ್ದೆ ಉಣ್ಣುತ್ತಿದ್ದಳು. ನೆಂಟರಿಗೆ ಬಡಿಸುವಾಗಲೂ ಅಷ್ಟೇ ಓರಣ. ನಾನೋ ನಿಂತೇ ನುಂಗುವವಳು. ಈಗಲೂ ಹಾಗೆಯೇ, ಪಾತ್ರೆಯಿಂದಲೇ.

ಆಗ ಎರಡನೆಯ ಮಹಾಯುದ್ಧದ ಕಾಲ. ಅಕ್ಕನ ಸೀಮಂತಕ್ಕೆಂದು ಅಷ್ಟೋ ಇಷ್ಟೋ ಬೆಲ್ಲ ಹೊಂದಿಸಿ ಮಾಡಿದ್ದ ಕಜ್ಜಾಯ ಕಡಿಮೆಯಾಗತೊಡಗಿತು. ದೊಡ್ಡಪ್ಪ ಎಲ್ಲರ ಮುಂದೆ ಅತ್ತೆಯತ್ತ ತಿರುಗಿದರು.

"ಯಾರೂ ಇಲ್ದಾಗ ಅಡ್ಗೆಮನೇಲಿರೋ ಕಳ್ಳಿ ನೀನೊಬ್ಳೇ ತಾನೆ?"

"ಯಾರೂ ಇಲ್ದಾಗ ನಾನಿರ್ತೀನಲ್ಲಣ್ಣ. ನಾನ್ಯಾರೂ ಅಲ್ವಾ?"

ಆ ಶುಕ್ರವಾರ ಕಜ್ಜಾಯದ ಪೆಟ್ಟಿಗೆಗೆ ಬೀಗ ಬಿತ್ತು, ಬೀಗದಕೈ ದೊಡ್ಡಪ್ಪನ ಉಡಿದಾರ ಸೇರಿತು. ಭಾನುವಾರ ತೆಗೆದರೆ ಪೆಟ್ಟಿಗೆ ಅರ್ಧ ಖಾಲಿ! ಎಲ್ಲರ ಕಣ್ಣೂ ಉಡಿದಾರದ ಮೇಲೆ.

"ಇಲಿ ಕಣ್ರಪ್ಪಾ," ಅಂದರು ದೊಡ್ಡಪ್ಪ.

"ಬೀಗ ತಗ್ದು ತಿಂದು, ತಿರ್ಗಾ ಬೀಗ ಆಕೋ ಇಲಿ," ಅಂದಳು ಅತ್ತೆ. "ಓಗ್ಲಿ, ನನ್ನ ಕಳ್ಳಿ ಅಂದ್ಯಲ್ಲ, ಅಲ್ಲ ಅಂತ ಒಂದ್ ಮಾತ್ ಅನ್ನಣ್ಣ. ಅಷ್ಟ್ ಸಾಕು."

ಆ ಒಂದು ಮಾತು ಬರಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ನಮ್ಮಪ್ಪ, "ಬುಡಕ್ಕಾ, ದೊಡ್ಡೋರು," ಅಂದ. ದೊಡ್ಡೋರಂತೆ! ಅಪ್ಪ ಸತ್ತು ಎಷ್ಟೋ ವರ್ಷವಾಯಿತು, ಅವನ ಮೇಲಿನ ಆ ಸಿಟ್ಟು ಮಾತ್ರ ನನಗೆ ಆರಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಒಲೆ ಸಾರಿಸಿಟ್ಟು, ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ, ಹಲಗೂರಿನ ಓರಗಿತ್ತಿಯ ಮನೆಗೆ ಹೊರಟುಹೋದಳು. ತಡೆಯಲು ಒಬ್ಬರೂ ಬಾಗಿಲಿಗೆ ಬರಲಿಲ್ಲ, ಅವಳೂ ತಿರುಗಿ ಬರಲಿಲ್ಲ. ಮುಂದಿನ ಶನಿವಾರ ಅರಳಿಕಟ್ಟೆಯ ಮೇಲೆ ಮತ್ತದೇ ಉಪದೇಶ. ಜನ ತಲೆದೂಗಿದರು. ಥೂ!

ಹಾಳೆ ಹಿಡಿದು ಹೀಗೆ ಕುದಿಯುತ್ತಿರುವಾಗ ಹೊರಗಿನಿಂದ ಯಾವನೋ ಕೂಗಿದ: "ಮನೇಲಿ ಯಾರೂ ಇಲ್ವಾ?" ಮಗ ಪೇಟೆಗೆ ಹೋಗಿದ್ದ. ಗಂಡಸರಿಲ್ಲದಾಗ ನಾವು ಹೆಂಗಸರು ಒಳಗಿನಿಂದಲೇ "ಯಾರೂ ಇಲ್ಲ ಕಣಪ್ಪಾ" ಅನ್ನುತ್ತೇವಲ್ಲ, ಜೀವಮಾನವೆಲ್ಲ ನಾನೂ ಹಾಗೇ ಅಂದವಳು. ನಾಲಗೆಯ ತುದಿಗೆ ಅದೇ ಬಂದಿತ್ತು, ನುಂಗಿಕೊಂಡೆ.

"ನಾನಿದ್ದೀನಿ!" ಅಂದೆ.

ಬಾಗಿಲಿಗೆ ಓಡಲಿಲ್ಲ. ನೆಲ ಒರೆಸಿ, ಎಲೆ ಹಾಕಿಕೊಂಡು, ಕೂತು ಕಜ್ಜಾಯ ತಿಂದೆ. ಅವನು ಕಾಯಲಿ.