ನಿಟ್ಟೂರಿನಲ್ಲಿ ನೀನು ಊದಿದ ಸೀಟಿ

ತಿಮ್ಮಪ್ಪ, ಆ ದಿನ ನೀನು ಸೀಟಿ ಊದಿದ್ದೆ. ಊದಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ನನ್ನ ಕಿವಿಗೆ ಅದು ಕೇಳಿಸಲಿಲ್ಲ — ಕೇಳಿಸುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು.

ಅರವತ್ತರ ದಶಕದಲ್ಲಿ ಸಾಗರದಿಂದ ನಿಟ್ಟೂರಿಗೆ ಹೋಗುವ ಬಸ್ಸಿಗೆ ನಾನು ಡ್ರೈವರ್, ನೀನು ಕಂಡಕ್ಟರ್. ನಾನು ದಿನಕ್ಕೆ ಎರಡು ಪ್ಯಾಕು ಸಿಗರೇಟು ಸುಡುತ್ತಿದ್ದೆ. ಸ್ಟಿಯರಿಂಗ್ ಹಿಡಿದವನ ಗತ್ತು ಅದು ಅಂದುಕೊಂಡಿದ್ದೆ. ಕಿವಿ ಗುಂಯ್‌ಗುಡುತ್ತದೆಂದು ಒಮ್ಮೆ ಡಾಕ್ಟರರ ಬಳಿ ಹೋದೆ. ಅವರು ನನ್ನ ಹಳದಿಗಟ್ಟಿದ ಬೆರಳು ನೋಡಿದರು. "ಎಂಜಿನ್ ಸದ್ದೂ ಇರಬಹುದು. ಆದ್ರೆ ಈ ಹೊಗೆ ಕಿವಿಯ ನರಕ್ಕೆ ರಕ್ತಾನೇ ಹೋಗದ ಹಾಗೆ ಮಾಡ್ತದೆ. ಮಾತು ಕೇಳ್ತದೆ ನಿಂಗೆ, ಸೀಟಿಯಂಥ ಕೀರಲು ಸದ್ದು ಕೇಳಲ್ಲ. ಸಿಗರೇಟು ಬಿಡು, ಬಸ್ಸೂ ಬಿಡು" ಎಂದರು. ಹೊರಬಂದು ಮೆಟ್ಟಿಲ ಮೇಲೇ ಒಂದು ಹಚ್ಚಿದೆ. ಯಾರಿಗೂ ಹೇಳಲಿಲ್ಲ.

ಬಸ್ಸು ಹಿಂದಕ್ಕೆ ತೆಗೆಯುವಾಗ ನೀನು ಬಿಟ್ಟು ಬಿಟ್ಟು ಊದಿದರೆ ಬಾ ಎಂದು, ಉದ್ದಕ್ಕೆ ಊದಿದರೆ ನಿಲ್ಲು ಎಂದು. ನಾನು ಕನ್ನಡಿಯಲ್ಲಿ ನಿನ್ನ ಕೆನ್ನೆ ನೋಡಿಕೊಂಡು ಕಾಲ ತಳ್ಳುತ್ತಿದ್ದೆ — ಉಬ್ಬಿ ನಿಂತರೆ ಬ್ರೇಕು. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ, ಥೂ!

ಆ ಬೆಳಿಗ್ಗೆ ನಿಟ್ಟೂರಿನಲ್ಲಿ ಜನ ಇಳಿದು ಹೋಗಿದ್ದರು. ತಿರುಗಿಸಲು ಬಸ್ಸು ಹಿಂದಕ್ಕೆ ತೆಗೆಯುತ್ತ, ಬಾಯಲ್ಲಿದ್ದ ಸಿಗರೇಟಿಗೆ ಕಡ್ಡಿ ಗೀರಲು ತಲೆ ಬಗ್ಗಿಸಿದೆ. ಎತ್ತಿದಾಗ ಕನ್ನಡಿಯಲ್ಲಿ ನಿನ್ನ ಉಬ್ಬಿದ ಕೆನ್ನೆ, ಆ ಕಣ್ಣು — ಆಮೇಲೆ ನೀನೇ ಇಲ್ಲ. ಬಸ್ಸಿಗೂ ರಸ್ತೆಬದಿಯ ಮಣ್ಣಿನ ದರೆಗೂ ನಡುವೆ ನಿನ್ನ ಬಲಗಾಲು...

ಕಾಲು ತೆಗೆದ ಮೇಲೆ ಆಸ್ಪತ್ರೆಯಲ್ಲಿ ನೀನು ಕೇಳಿದ್ದು ಒಂದೇ ಮಾತು.

"ಅಣ್ಣಾ, ನಾನು ಊದಿದ್ದೆ ಅಲ್ವಾ?"

"ಇಲ್ಲ ಮಾರಾಯ. ನೀನು ಊದ್ಲೇ ಇಲ್ಲ."

"ಹಂಗಾದ್ರೆ ನಂದೇ ತಪ್ಪು" ಎಂದೆ ನೀನು. ನಂಬಿಬಿಟ್ಟೆಯಲ್ಲೋ! ಮಾಲೀಕರು ನಿನ್ನನ್ನು ಬರಿಗೈಯಲ್ಲಿ ಕಳಿಸಿದರು. ನಾನು ಮರುವಾರ ಅದೇ ಬಸ್ಸು ಹತ್ತಿದೆ. ಅಂದಿನಿಂದ ಯಾವ ಕನ್ನಡಿ ನೋಡಿದರೂ, ಕ್ಷೌರದ ಕನ್ನಡಿಯಲ್ಲೂ, ನನ್ನ ಹಿಂದೆ ನೀನು ನಿಂತಿರುತ್ತೀಯ. ನನಗೆ ಹೆದರಿಕೆಯಾಗುತ್ತದೆ.

ಮೊನ್ನೆ ತೀರ್ಥಹಳ್ಳಿಯಲ್ಲಿ ನಿನ್ನ ಮಗ ಸಿಕ್ಕಿದ್ದ. ಅವನೂ ಕಂಡಕ್ಟರ್ ಆಗಿದ್ದಾನೆ. 'ನನ್ನ ಹಾಗೆ ಸೀಟಿ ಮರೀಬೇಡ' ಎಂದು ದಿನಾ ಹೇಳಿ ಕಳಿಸುತ್ತೀಯಂತೆ. ನನಗೆ ಈಗ ಮಾತೂ ಕೇಳುವುದಿಲ್ಲವೆಂದು ಅದನ್ನು ಚೀಟಿಯಲ್ಲಿ ಬರೆದು ತೋರಿಸಿದ — ನಗುತ್ತ.

ಸೋಮವಾರ ಮೇಳಿಗೆಯ ನಿನ್ನ ಮನೆಗೆ ಬರುತ್ತೇನೆ. ಅವನೂ ಮನೆಯಲ್ಲಿರಲಿ, ಅವನೆದುರಿಗೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳಲಾರೆ. ನಿನಗೆ ಬೈಯಬೇಕೆನಿಸಿದ್ದನ್ನೆಲ್ಲ ಬರೆದುಕೊಡು. ಅವನ ಮುಂದೆ ಗಟ್ಟಿಯಾಗಿ ಓದುತ್ತೇನೆ.