ಮೂರು ಮದ್ದು, ಒಂದು ಹೊಟ್ಟೆ

ಸೀರೆ ಅಂಗಡಿಯವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ನಲವತ್ತು ಸೀರೆ ಕೆಳಗಿಳಿಸಿ, ಕೊನೆಗೆ ಮೊದಲು ನೋಡಿದ್ದನ್ನೇ ಕಟ್ಟಿಸಿಕೊಂಡು, ಮನೆಗೆ ಬಂದ ಮೇಲೆ ಎರಡನೆಯದೇ ಚೆನ್ನಾಗಿತ್ತು ಎಂದು ಕೊರಗುವವಳು ನಾನು. ಇಂಥವಳ ಮುಂದೆ ಮಣಿಪಾಲದ ಡಾಕ್ಟರು ಮೂರು ಬಗೆಯ ಮದ್ದು ವಿವರಿಸಿ, "ಇದರಲ್ಲಿ ನಿಮಗೆ ಯಾವುದು ಆಗ್ತದೆ, ಯೋಚನೆ ಮಾಡಿ ಹೇಳಿ ಟೀಚರ್" ಎಂದುಬಿಟ್ಟರು. ನನ್ನ ಮಗಳ ವಯಸ್ಸಿನ ಹುಡುಗಿ. ಡಾಕ್ಟರು ಚೀಟಿ ಬರೆಯಬೇಕು, ನಾವು ನುಂಗಬೇಕು ಎಂದಲ್ಲವೇ ಇಷ್ಟು ವರ್ಷ ತಿಳಿದದ್ದು?

ಕಾಯಿಲೆಯ ಹೆಸರು ಕ್ರೋನ್ಸ್. ಮೈ ಕಾಯಬೇಕಾದ ಕಾವಲುಗಾರರೇ ತಲೆಕೆಟ್ಟು ಸ್ವಂತ ಕರುಳಿನ ಮೇಲೆ ಬೀಳುವುದಂತೆ. ಎರಡು ವರ್ಷ ಅದನ್ನು ಗ್ಯಾಸ್ ಎಂದು ಕರೆದು ಜೀರಿಗೆ ನೀರು ಕುಡಿದೆ. ಕಾಪುವಿನ ಮನೆಯಿಂದ ಕಾರ್ಕಳದ ಶಾಲೆಗೆ ಎರಡು ಬಸ್ಸು ಹಿಡಿದು ಹೋಗುವ ನನಗೆ ದಾರಿಯ ಶೌಚಾಲಯಗಳೆಲ್ಲ ಬಾಯಿಪಾಠವಾದವು. ಯಾವುದರ ಚಿಲಕ ಗಟ್ಟಿ, ಯಾವುದರ ನಲ್ಲಿಯಲ್ಲಿ ನೀರುಂಟು ಎಂದು ಕೇಳಿದರೆ ಈಗಲೂ ನಿದ್ದೆಯಲ್ಲಿ ಹೇಳಬಲ್ಲೆ. ಕರುಳಿನ ಒಂದು ಕಡೆ ಆಗಲೇ ಇಕ್ಕಟ್ಟಾಗಿದೆ, ಈಗ ಹಿಡಿತಕ್ಕೆ ತರದಿದ್ದರೆ ಆ ಭಾಗ ಕತ್ತರಿಸಿ ತೆಗೆಯಬೇಕಾದೀತು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ನನಗೆ ಹೆದರಿಕೆಯಾಯಿತು. ಸುಳ್ಳೇಕೆ ಹೇಳಲಿ, ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತೆ.

ಮೊದಲಿಗೆ ಕೊಟ್ಟ ಸ್ಟೀರಾಯ್ಡ್ ಗುಳಿಗೆ ಹೊಟ್ಟೆನೋವನ್ನು ತಗ್ಗಿಸಿ ಮುಖವನ್ನು ಉಬ್ಬಿಸಿತು. ಸಿಕ್ಕಿದವರೆಲ್ಲ "ಟೀಚರಿಗೆ ಈಗ ಒಳ್ಳೆ ಕಳೆ ಬಂದಿದೆ" ಎನ್ನುವವರೇ. ಆರೋಗ್ಯವಾಗಿದ್ದಾಗ ಒಬ್ಬರೂ ಹೊಗಳಿದವರಿಲ್ಲ! ಆದರೆ ಈ ಗುಳಿಗೆಯನ್ನು ಹೆಚ್ಚು ದಿನ ನುಂಗುವಂತಿಲ್ಲ, ಬೇರೆಯದು ಆರಿಸಲೇಬೇಕಿತ್ತು. ಒಂದು, ದಿನವೂ ನುಂಗುವ, ಮತ್ತೆ ಮತ್ತೆ ರಕ್ತಪರೀಕ್ಷೆ ಬೇಡುವ, ನಿಧಾನಕ್ಕೆ ನಾಟುವ ಗುಳಿಗೆ. ಇನ್ನೊಂದು, ಎರಡು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಮಲಗಿ ಹಾಕಿಸಿಕೊಳ್ಳುವ ಡ್ರಿಪ್ಪು. ಮೂರನೆಯದು ಹದಿನೈದು ದಿನಕ್ಕೊಮ್ಮೆ ಮನೆಯಲ್ಲೇ, ನಮ್ಮ ಕೈಯಿಂದ ನಾವೇ ಚುಚ್ಚಿಕೊಳ್ಳುವ ಪೆನ್ನಿನಂಥ ಇಂಜೆಕ್ಷನ್. ಯಾವುದೂ ಪುಕ್ಕಟೆಯಾಗಿ ಒಳ್ಳೆಯದು ಮಾಡುವುದಿಲ್ಲ, ಮೂರಕ್ಕೂ ಅದರದರ ಅಪಾಯ ಉಂಟು ಎಂದೂ ತಿಳಿಸಿದರು.

ನಮ್ಮ ಕಡೆ ಮದ್ದನ್ನು ಆರಿಸುವ ಪದ್ಧತಿಯೇ ಇಲ್ಲ ನೋಡಿ. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಮನೆಯ ಗಂಡಸು ಹೋಗಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರಬೇಕು, ಕಬ್ಬಿಣ ತಾಗಿಸಬಾರದು. ಅದರ ರಸಕ್ಕೆ ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ, ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಚುಂಯ್ ಎನಿಸಿ, ಸಾಲಾಗಿ ನಿಲ್ಲಿಸಿ ಕುಡಿಸುತ್ತಾರೆ. ಸಿಹಿಮೂತ್ರದ ಅಜ್ಜನಿಗೂ ಅದೇ, ಶೀತದ ಮೊಮ್ಮಗನಿಗೂ ಅದೇ, ಏನೂ ಇಲ್ಲದ ಸೊಸೆಗೂ ಅದೇ. ನಿನಗೆ ಇದು ಆಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಅದರಲ್ಲಿ ಒಂದು ನೆಮ್ಮದಿ ಇತ್ತು ಎಂಬುದು, ಆರಿಸುವ ಸರದಿ ಬಂದ ಮೇಲೆ ನನಗೆ ಗೊತ್ತಾಯಿತು.

ನಾನು ಆರಿಸುವ ಮೊದಲು ಮನೆಯವರೆಲ್ಲ ಆರಿಸಿದ್ದರು. ಅತ್ತೆಯದು ಕಷಾಯದ ಪಕ್ಷ. "ಆ ಸೂಜಿ ಎಲ್ಲ ಎಂತಕ್ಕೆ ವಾರಿಜ? ನಮ್ಮ ತೊಗಟೆ ರಸ ಕುಡಿದವರು ಯಾರಾದ್ರೂ ಸತ್ತದ್ದುಂಟಾ?" ಎಂದರು. ಸತ್ತವರ ಪಟ್ಟಿ ನನ್ನಲ್ಲಿತ್ತು, ಆದರೆ ಅದರಲ್ಲಿ ಮಾವನ ಹೆಸರೂ ಇದ್ದುದರಿಂದ ಸುಮ್ಮನಾದೆ. ನನ್ನ ಯಜಮಾನರದು ಡ್ರಿಪ್ಪಿನ ಪಕ್ಷ. "ಆಸ್ಪತ್ರೆಯವರೇ ಮಾಡ್ತಾರೆ ಮಾರಾಯ್ತಿ. ನೀನು ಬೆರಳಿಗೆ ಮುಳ್ಳು ಹೊಕ್ಕರೆ ಕಣ್ಣು ಮುಚ್ಚುವವಳು." ಮಾತು ನಿಜವೇ. ಆದರೆ ಡ್ರಿಪ್ಪಿನ ದಿನವೆಲ್ಲ ಶಾಲೆಗೆ ರಜೆ. ಈ ಕಾಯಿಲೆ ಆಗಲೇ ನನ್ನ ಎಷ್ಟೋ ಪಾಠಗಳನ್ನು ತಿಂದಿತ್ತು. ಇನ್ನು ಒಂದನ್ನೂ ಕೊಡಲಾರೆ ಎಂದು ಹಟ ಹುಟ್ಟಿತು. ಒಂದು ವಾರ ಯೋಚಿಸಿದೆ, ಡಾಕ್ಟರಿಗೆ ಪುಟಗಟ್ಟಲೆ ಪ್ರಶ್ನೆ ಕೇಳಿದೆ, ಇಂಥ ಮದ್ದಿಗೆ ಮೊದಲು ಬೇಕಾದ ಕ್ಷಯದ ಪರೀಕ್ಷೆ ಮತ್ತಿತರ ತಪಾಸಣೆ ಮುಗಿಸಿದೆ, ಪೆನ್ನನ್ನೇ ಆರಿಸಿದೆ. ಮೊದಲನೆಯದನ್ನು ಆಸ್ಪತ್ರೆಯ ಸಿಸ್ಟರ್ ಕೊಟ್ಟು, ಕೊಡುವ ಕ್ರಮವನ್ನೂ ಕಲಿಸಿದರು. ಮುಂದಿನದು ಮನೆಯಲ್ಲಿ.

ಆ ಪೆನ್ನನ್ನು ಮಣಿಪಾಲದ ಔಷಧಿ ಅಂಗಡಿಯಿಂದ ತಣ್ಣಗಿಟ್ಟೇ ತರಬೇಕಿತ್ತು. ಯಜಮಾನರು "ಅದು ನನಗೆ ಬಿಡು" ಎಂದರು. ಅವರಿಗೆ ಮಲ್ಪೆಯಲ್ಲಿ ಐಸ್ ಪ್ಲಾಂಟ್ ಉಂಟು. ಇಪ್ಪತ್ತೈದು ವರ್ಷದಿಂದ ಬೇರೆಯವರ ಅಂಜಲ್, ಬಂಗುಡೆ ಮೀನುಗಳನ್ನು ಹಾಳಾಗದಂತೆ ಕಾದವರು. ಔಷಧಿ ಅಂಗಡಿಯವನು ಕೊಟ್ಟ ಅಂಗೈಯಗಲದ ತಂಪು ಪೊಟ್ಟಣವನ್ನು ನೋಡಿ ಅವರಿಗೆ ನಗು ಬಂತಂತೆ. ನೇರ ಮಲ್ಪೆಗೆ ಹೋಗಿ, ಥರ್ಮಾಕೋಲ್ ಪೆಟ್ಟಿಗೆಗೆ ಪುಡಿ ಐಸು ತುಂಬಿಸಿ, ಇನ್ನಷ್ಟು ಕೊರೆಯಲೆಂದು ಮೇಲೆ ಉಪ್ಪು ಬೆರೆಸಿ, ನನ್ನ ಮದ್ದನ್ನು ಅದರ ಹೊಟ್ಟೆಯೊಳಗೆ ಹುಗಿದು, ಉದ್ಯಾವರ ದಾಟಿ ಮನೆಗೆ ತಂದರು. "ಇನ್ನು ಎರಡು ದಿನ ಇದಕ್ಕೆ ಎಂತದೂ ಆಗುದಿಲ್ಲ" ಎಂದು ಮುಚ್ಚಳ ತೆಗೆದರು. ಒಳಗೆ ಮದ್ದು ಕಲ್ಲಾಗಿತ್ತು. ಹೆಪ್ಪುಗಟ್ಟಿದರೆ ಕರಗಿಸಿದರೂ ಪ್ರಯೋಜನವಿಲ್ಲ, ಎಸೆಯಬೇಕು ಎಂದು ಮದ್ದಿನ ಜೊತೆಗಿದ್ದ ಚೀಟಿಯಲ್ಲಿ ಬರೆದಿತ್ತು. ನಾನದನ್ನು ಓದಿ ಹೇಳಿದಾಗ ಅವರ ಮುಖ ಸಣ್ಣದಾಯಿತು. ಬೈಯಬೇಕೆಂದು ಬಾಯಿ ತೆರೆದವಳು ಬೈಯಲಾರದೆ ಹೋದೆ. ತಮ್ಮ ಕೈಲಾದ ಅತ್ಯುತ್ತಮ ಐಸನ್ನೇ ಅವರು ನನಗೆ ಕೊಟ್ಟಿದ್ದರು.

"ಅದಕ್ಕೇ ಹೇಳಿದ್ದು, ಡ್ರಿಪ್ಪೇ ಒಳ್ಳೆದು" ಎಂದರು ಅವರು. "ಅದಕ್ಕೇ ಹೇಳಿದ್ದು" ಎಂದು ಅತ್ತೆಯೂ ಶುರು ಮಾಡಿದರು. ನನ್ನೊಳಗಿನ ಸೀರೆಯಂಗಡಿಯ ಗಿರಾಕಿಯೂ, ಎರಡನೆಯದೇ ಚೆನ್ನಾಗಿತ್ತೇನೋ ಎಂದು ಪಿಸುಗುಟ್ಟಿದಳು. ಅವಳ ಬಾಯಿ ಮುಚ್ಚಿಸಿದೆ. ಮರುದಿನ ಡಾಕ್ಟರಿಗೆ ಫೋನು ಮಾಡಿ ವಿಷಯ ತಿಳಿಸಿ, ಶಾಲೆ ಬಿಟ್ಟ ಮೇಲೆ ಕಾರ್ಕಳದಿಂದ ಮಣಿಪಾಲದ ಬಸ್ಸು ಹತ್ತಿ, ಹೊಸ ಪೆನ್ನನ್ನು ಅದೇ ಅಂಗೈಯಗಲದ ಪೊಟ್ಟಣದೊಂದಿಗೆ ಚೀಲಕ್ಕೆ ಹಾಕಿ ಮಡಿಲಲ್ಲಿಟ್ಟುಕೊಂಡು ಬಂದೆ. "ಎಂತ ಟೀಚರೇ, ಮೀನಾ?" ಎಂದು ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರು. ಅಲ್ಲ, ನನ್ನ ಕರುಳು ಎಂದೆ. ಅವರು ಮೆಲ್ಲಗೆ ಕಿಟಕಿಯ ಕಡೆ ಸರಿದು ಕೂತರು. ಮನೆಗೆ ಬಂದಾಗ ಯಜಮಾನರು ಪ್ಲಾಂಟಿನ ಥರ್ಮಾಮೀಟರನ್ನು ತಂದು ನಮ್ಮ ಫ್ರಿಜ್ಜಿನೊಳಗೆ ನೇತುಹಾಕಿ, ಅತ್ತೆಯ ಮೀನುಸಾರಿನ ಪಾತ್ರೆಯನ್ನು ಕೆಳಗಿನ ಅಂತಸ್ತಿಗೆ ಗಡೀಪಾರು ಮಾಡಿದ್ದರು.

ಭಾನುವಾರ ಬೆಳಿಗ್ಗೆ ಪೆನ್ನು ಹಿಡಿದು ಕೂತೆ. ಸಿಸ್ಟರ್ ಕಲಿಸಿದ ಕ್ರಮವನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡೆ. ದಿನಕ್ಕೆ ಟನ್ನುಗಟ್ಟಲೆ ಮೀನು ನೋಡುವ ಯಜಮಾನರು ಬಾಗಿಲ ಕಡೆ ಮುಖ ತಿರುಗಿಸಿ, "ಯಾರಾದ್ರೂ ನರ್ಸನ್ನು ಕರೀಲಾ?" ಎಂದರು. "ಬೇಡ" ಎಂದೆ. ಹೊಟ್ಟೆಯ ಮೇಲೆ ಊರಿ ಒತ್ತಿದೆ. ಉರಿಯಿತು. ಹತ್ತು ಎಣಿಸಿ ತೆಗೆದೆ.

ಅತ್ತೆ ಅಡುಗೆಮನೆಯಿಂದ ಬಂದು ನಿಂತಿದ್ದರು. "ಇದರಲ್ಲಿ ಗುಣ ಆಗ್ತದಾ?"

"ಗೊತ್ತಿಲ್ಲ ಅತ್ತೆ. ಮೂರು ತಿಂಗಳು ನೋಡ್ಬೇಕಂತೆ. ಆಗದಿದ್ರೆ ಬೇರೆ ಆರಿಸುದು."

ಅವರು ಖಾಲಿ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಷಾಯದ ಮಾತು ಬರುತ್ತದೆಂದು ಕಾದೆ. "ಮುಂದಿನ ಸಲ ನನಗೂ ತೋರಿಸು" ಎಂದರು. "ನಿನ್ನ ಕೈ ಆಗದ ದಿನ ಮನೆಯಲ್ಲಿ ಇನ್ನೊಂದು ಕೈ ಬೇಡ್ವಾ?"

ಹದಿನೈದು ದಿನ ಕಳೆದು ನಾನು ಫ್ರಿಜ್ಜಿನ ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆ ಕೈ ತೊಳೆದು, ಕನ್ನಡಕ ಹಾಕಿಕೊಂಡು ಎದುರು ಕೂತಾಗಿತ್ತು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಅಷ್ಟು ಗಮನವಿಟ್ಟು ಕೂತ ವಿದ್ಯಾರ್ಥಿಯನ್ನು ಕಂಡಿರಲಿಲ್ಲ.