ಮರಳಲ್ಲಿ ಗುಂಡಿ ತೋಡುವ ಕ್ಲೀಟಸ್

ಬೆಳಗಿನ ಐದೂವರೆ. ಆಲಪ್ಪುಳದ ತೆಂಕಣ ಕರಾವಳಿಯಲ್ಲಿ, ಇಗರ್ಜಿಯ ಹಿತ್ತಲ ಸಮಾಧಿಭೂಮಿಯಲ್ಲಿ ಕ್ಲೀಟಸ್ ಮರಳಿಗೆ ನೀರು ಹನಿಸುತ್ತಿದ್ದಾರೆ. ಒಣ ಮರಳು ತೋಡಿದಷ್ಟೂ ಕುಸಿಯುತ್ತದೆ. ನೆನೆಸಿ, ಬದಿಗೆ ಹಲಗೆ ಆನಿಸಿ, ಅಂಗುಲ ಅಂಗುಲವಾಗಿ ಇಳಿಯಬೇಕು. ಸಲಿಕೆ ಊರುವ ಮೊದಲು ಶಿಲುಬೆಯ ಮೇಲಿನ ಹೆಸರನ್ನು ಮೆಲ್ಲಗೆ ಕರೆಯುವುದು ಅವರ ರೂಢಿ. "ಮಲಗಿರೋರ ಮನೆಗೆ ಹೇಳದೆ ನುಗ್ಗೋಕಾಗುತ್ತಾ?"

ಈ ಬೆಳಿಗ್ಗೆ ಮಾತ್ರ ಹೆಸರು ಬಾಯಿಗೆ ಬರುತ್ತಿಲ್ಲ. ಶಿಲುಬೆಯ ಮೇಲಿರುವುದು ಅಗ್ನೇಸ್. ಅವರ ಹೆಂಡತಿ.

ಅರವತ್ತೊಂದರ ಕ್ಲೀಟಸ್ ಮೂವತ್ತಮೂರು ವರ್ಷಗಳಿಂದ ಇಲ್ಲಿ ಗುಂಡಿ ತೋಡುತ್ತಿದ್ದಾರೆ. ನಾನೂರರ ಹತ್ತಿರ ಆಗಿರಬಹುದು ಎನ್ನುತ್ತಾರೆ. ಕುಟುಂಬಕ್ಕೊಂದು ಕಲ್ಲಿನ ಸಮಾಧಿ ಕಟ್ಟಿಸಿಕೊಳ್ಳಲಾಗದ ಮೀನುಗಾರರಿಗೆಲ್ಲ ಸೇರಿ ಇರುವುದು ಅರವತ್ತು ಗುಂಡಿಗಳ ಜಾಗ. ಐದು ವರ್ಷಕ್ಕೆ ಸರದಿ ಬರುತ್ತದೆ. ಹಳಬರ ಎಲುಬುಗಳನ್ನೆತ್ತಿ ಮೂಲೆಯ ಅಸ್ಥಿಬಾವಿಗೆ ಇಳಿಸಿ, ಹೊಸಬರಿಗೆ ಎಡೆ ಮಾಡಿಕೊಡಬೇಕು. ನಿನ್ನೆ ದೋಣಿಯವನೊಬ್ಬ ತೀರಿಕೊಂಡಿದ್ದಾನೆ. ಸರದಿಯಲ್ಲಿರುವುದು ಅಗ್ನೇಸಳ ಜಾಗ.

ಇಗರ್ಜಿಯ ಅಚ್ಚನ್ ಇನ್ನೂ ಎಳೆಯ ಪಾದ್ರಿ. ನಿನ್ನೆಯೇ ಬಂದು ಹೇಳಿದ್ದರು: "ಚೇಟ್ಟಾ, ನೀವು ಬೇಡ. ಪಕ್ಕದೂರಿಂದ ಯಾರನ್ನಾದ್ರೂ ಕರೆಸ್ತೀನಿ. ವಿಧಿ ಪ್ರಕಾರ ಎಲ್ಲ ಪ್ರಾರ್ಥನೆ ಮಾಡೋಣ."

"ನನ್ ಹೆಂಡ್ತೀನ ಪಕ್ಕದೂರೋನು ಎತ್ತೋದಾ ಅಚ್ಚಾ?"

ಧೈರ್ಯದ ಮಾತಿನಂತೆ ಕೇಳುತ್ತದೆ. ಧೈರ್ಯವಲ್ಲ, ಒಳಗೆ ಅಳುಕಿದೆ ಎಂದು ಕ್ಲೀಟಸ್ ತಾವೇ ಒಪ್ಪುತ್ತಾರೆ. ಮೂತ್ರಪಿಂಡ ಕೆಟ್ಟು ಹಾಸಿಗೆ ಹಿಡಿದ ಅಗ್ನೇಸ್ ಕೊನೆಯ ಎರಡು ವರ್ಷ ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ನಂಬಿಕೆ ಕಳಕೊಂಡಳೆಂದು ನೆರೆಯವರು ಪಿಸುಗುಟ್ಟಿದರು. ಆಕೆಯದೋ ಗೋಡೆಯ ಮೇಲಿನ ಯೇಸುವಿನ ಪಟದ ಜತೆ ದಿನವಿಡೀ ಜಗಳ. "ಏಯ್, ಕೇಳಿಸ್ತಿದ್ಯಾ? ನಿಮ್ಮಮ್ಮಂಗೆ ಹೇಳ್ಕೊಡ್ತೀನಿ ನೋಡು!" ಜಗಳ ಮುಗಿದ ಮೇಲೆ ನಿದ್ದೆ ಬರುತ್ತಿತ್ತು.

"ನಾನು ಒಂದು ಪೂಜೆನೂ ತಪ್ಪಿಸಿದೋನಲ್ಲ," ಎನ್ನುತ್ತಾರೆ ಕ್ಲೀಟಸ್. "ಬಾಯಿ ಜಪ ಹೇಳ್ತಿತ್ತು, ನಾನು ಇನ್ನೆಲ್ಲೋ ಇರ್ತಿದ್ದೆ. ಇವತ್ತು ತೆರೆದಾಗ ಎಲುಬು ಬಿಟ್ಟು ಏನೂ ಅನ್ನಿಸದೆ ಹೋದ್ರೆ? ಇಷ್ಟು ವರ್ಷ ನಾನು ನಂಬಿದ್ದಾದ್ರೂ ಏನನ್ನ?"

ಕಡಲ ಕಡೆಯಿಂದ ಬೆನಡಿಕ್ಟ್ ಮಾಷ್ ಬರುತ್ತಾರೆ. ನಿವೃತ್ತ ಮೇಷ್ಟ್ರು. ಹತ್ತು ವರ್ಷದ ಹಿಂದೆ ಇಗರ್ಜಿ ಬಿಟ್ಟು, ದಿನಾ ಮುಂಜಾನೆ ಅಲೆಗಳ ಮುಂದೆ ಕಣ್ಮುಚ್ಚಿ ಕೂರುವವರು.

"ಒಳಗಿರೋದು ಬರೀ ಸುಣ್ಣ ಕಣೋ ಕ್ಲೀಟಸೇ. ಅವಳು ಗಾಳಿಲಿ, ನೀರಲ್ಲಿ ಸೇರಿಹೋದ್ಲು. ಸುಮ್ನೆ ಕೂತು ನೋಡು, ಗೊತ್ತಾಗುತ್ತೆ."

"ಗಾಳಿ ಜೊತೆ ನಾನು ಸಂಸಾರ ಮಾಡ್ಲಿಲ್ಲ ಮಾಷೆ."

ಮಾಷ್ ನಗುತ್ತಾರೆ. ಆದರೆ ಹೋಗುವುದಿಲ್ಲ, ಹಲಗೆ ಹಿಡಿದುಕೊಂಡು ನಿಲ್ಲುತ್ತಾರೆ.

ಎದೆಮಟ್ಟ ಇಳಿದ ಮೇಲೆ ಸಲಿಕೆ ಪಕ್ಕಕ್ಕಿಟ್ಟು ಬರಿಗೈಯಲ್ಲಿ ಮರಳು ಬಳಿಯುತ್ತಾರೆ ಕ್ಲೀಟಸ್. ಸೀರೆಯ ಅಂಚಿನ ಜರಿ. ಜಪಮಾಲೆಯ ನಾಲ್ಕೈದು ಗಾಜಿನ ಮಣಿ. ಆಮೇಲೆ ಎಲುಬು. ಎಲ್ಲರ ಎಲುಬುಗಳ ಹಾಗೆಯೇ ಇವೆ. ಬೆಳಕು ಬರಲಿಲ್ಲ, ದನಿ ಕೇಳಲಿಲ್ಲ. ಕ್ಲೀಟಸ್ ಕುಕ್ಕರಗಾಲಲ್ಲಿ ಕೂರುತ್ತಾರೆ. ಅಷ್ಟರಲ್ಲಿ ಬಂದ ಅಚ್ಚನ್ ಪ್ರಾರ್ಥನೆಯ ಪುಸ್ತಕ ತೆರೆದು ಮೇಲೆ ಕಾಯುತ್ತಾರೆ, ಓದಲು ತೊಡಗುವುದಿಲ್ಲ.

"ಏಯ್ ಯೇಸು, ಕೇಳಿಸ್ತಿದ್ಯಾ?" ಗುಂಡಿಯೊಳಗಿನಿಂದ ಕ್ಲೀಟಸರ ಒರಟು ದನಿ. "ಇವಳು ನಿನ್ನ ಹತ್ರ ಇದ್ದಾಳೆ ಅಂತ ನೀನೇ ಅಂದಿದ್ದೆ. ನಂಗೇನೂ ಕಾಣಿಸ್ತಿಲ್ಲ. ಆದ್ರೂ ನಿನ್ನ ಮಾತಿನ ಮೇಲೆ ಎತ್ತುತಾ ಇದೀನಿ."

ಎತ್ತಿದರು. ಬಿಳಿ ಬಟ್ಟೆಯಲ್ಲಿ ಕಟ್ಟಿ, ತಾವೇ ಹೊತ್ತು ಅಸ್ಥಿಬಾವಿಗೆ ಇಳಿಸಿದರು. ಅಚ್ಚನ್ ಆಗ ಓದಿದರು. ಮಾಷ್ ತಲೆ ಬಾಗಿಸಿ ನಿಂತಿದ್ದರು.

ಎಂಟು ಗಂಟೆಗೆ ಹಾಲಿಲ್ಲದ ಕಟ್ಟನ್ ಚಾಯ ಕುಡಿಯುತ್ತ ಮಾಷ್ ಕೆಣಕುತ್ತಾರೆ: "ಏನಾದ್ರೂ ಗೊತ್ತಾಯ್ತೇನೋ?"

"ಇಲ್ಲ ಮಾಷೆ. ಅಚ್ಚನ್ನ ಪ್ರಾರ್ಥನೆ ಊರಿಗೆಲ್ಲ ಆಗುತ್ತೆ. ನಿಮ್ಮ ಮೌನ ನಿಮಗಾಗುತ್ತೆ. ನಂಗೆ ಜಗಳ ಆಡೋಕೆ ಒಬ್ಬ ಬೇಕಿತ್ತು. ಅವಳಿಗಿದ್ದ, ಇವತ್ತಿಂದ ನಂಗೂ ಇದ್ದಾನೆ."

ಮಧ್ಯಾಹ್ನದ ಹೊತ್ತಿಗೆ ದೋಣಿಯವನ ಶವ ಬರುತ್ತದೆ. ಗುಂಡಿಯ ಬದಿಗಳನ್ನು ಇನ್ನೊಮ್ಮೆ ನೆನೆಸಲು ಕ್ಲೀಟಸ್ ಎದ್ದು ನಿಲ್ಲುತ್ತಾರೆ. ಏನಾದರೂ ಆಸೆಯುಂಟೇ ಎಂದು ಕೇಳಿದರೆ ಬಾವಿಯತ್ತ ನೋಡುತ್ತಾರೆ.

"ನನ್ನನ್ನೂ ಇದೇ ಮರಳಲ್ಲಿ ಮಲಗಿಸ್ಲಿ. ಐದು ವರ್ಷ ಕಳೆದ್ರೆ ಅವಳಿರೋ ಕಡೆ ಇಳಿಸ್ತಾರೆ. ಅಲ್ಲೀವರೆಗೆ ಕಾಯ್ತೀನಿ, ನಂಗೇನೂ ಅವಸರ ಇಲ್ಲ."